ವಿಮಾನಗಳ ನೋಂದಾವಣೆಯ ಪುಸ್ತಕ: ಅದರ ಪ್ರಾಮಾಣ್ಯವಿಚಾರ

ಒಂದು ಬರಹವನ್ನು ಪ್ರಮಾಣವಾಗಿ ಹಿಡಿಯುವ ಮೊದಲು ಅದು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂಬುದನ್ನು ವಿಚಾರಿಸಬೇಕೆಂಬ ನಿಯಮವನ್ನು ಗ್ರಂಥಸಂಪಾದಕರೂ ಶಾಸನಪರಿಶೋಧಕರೂ ಬಹುಕಾಲದಿಂದ ಒಪ್ಪಿಕೊಂಡು ಬಂದಿದ್ದಾರೆ. ಓಲೆಯ ಪ್ರತಿಗೂ ತಾಮ್ರಪಟಕ್ಕೂ ನಾವು ತಪ್ಪದೆ ಅನ್ವಯಿಸುವ ಈ ನಿಯಮವನ್ನು ನಮ್ಮ ಕಾಲದ ಸರ್ಕಾರಿ ದಫ್ತರಗಳಿಗೆ ಅನ್ವಯಿಸಲು ಮರೆಯುತ್ತೇವೆ. ಮೊಹರು ಬಿದ್ದ ಕಾಗದವನ್ನು ಕಂಡೊಡನೆ ವಿಮರ್ಶೆಯು ಕೈಮುಗಿದು ಹಿಂದೆ ಸರಿಯುವುದು ಸಾಮಾನ್ಯವಾಗಿದೆ. ಇದರಿಂದ ಉಂಟಾಗುವ ತೊಡಕನ್ನು ತೋರಿಸಲು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಒಂದು ಪದ್ಧತಿಯನ್ನು ಇಲ್ಲಿ ಪರೀಕ್ಷೆಗೆ ತೆಗೆದುಕೊಂಡಿದೆ. ಅಲ್ಲಿಯ ಸಣ್ಣ ವಿಮಾನ ನಿಲ್ದಾಣಗಳಲ್ಲಿ ಎಷ್ಟು ವಿಮಾನಗಳು ನೆಲೆಸಿವೆಯೆಂಬ ಲೆಕ್ಕವನ್ನು ರಾಷ್ಟ್ರದ ವಿಮಾನ ನೋಂದಾವಣೆಯ ಪುಸ್ತಕದೊಡನೆ ತಾಳೆ ನೋಡಿ ಸ್ಥಿರಪಡಿಸುತ್ತಾರೆ. ವಿಷಯವು ಸಾಹಿತ್ಯಕ್ಕೆ ದೂರವಾದುದೆಂದು ವಾಚಕರಿಗೆ ತೋರಬಹುದು. ಆದರೆ ಎರಡು ಲಿಖಿತಗಳನ್ನು ಎದುರುಬದುರಾಗಿಟ್ಟು ಒಂದರಿಂದ ಇನ್ನೊಂದನ್ನು ತಿದ್ದುವ ಕಾರ್ಯವು ಪಾಠಪರಿಷ್ಕರಣವೇ ಆದುದರಿಂದ, ಅದು ನಮ್ಮ ವಿಚಾರಕ್ಕೆ ಹೊರತಾದುದಲ್ಲ.

ಮೊದಲು ಈ ಲೆಕ್ಕದ ಪ್ರಯೋಜನವನ್ನು ಹೇಳಬೇಕು. ಅಲ್ಲಿಯ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆಯು ವಿಮಾನ ನಿಲ್ದಾಣಗಳ ರಾಷ್ಟ್ರೀಯ ಯೋಜನೆಯೊಂದನ್ನು ಇಟ್ಟುಕೊಂಡಿದೆ. ಮೂರು ಸಾವಿರಕ್ಕೂ ಮಿಕ್ಕ ನಿಲ್ದಾಣಗಳು ಅದರಲ್ಲಿ ಸೇರಿವೆ. ಆ ಪಟ್ಟಿಯಲ್ಲಿರುವ ನಿಲ್ದಾಣಕ್ಕೆ ಮಾತ್ರ ಕೇಂದ್ರಸರ್ಕಾರದ ಸುಧಾರಣಾ ಧನವು ದೊರೆಯುತ್ತದೆ. ದೊಡ್ಡ ಪ್ರಯಾಣಿಕ ಸಂಚಾರವಿಲ್ಲದ ಸಣ್ಣ ನಿಲ್ದಾಣವು ಪಟ್ಟಿಗೆ ಸೇರಬೇಕಾದರೆ ಸಾಮಾನ್ಯವಾಗಿ ಕನಿಷ್ಠ 10 ವಿಮಾನಗಳು ಅಲ್ಲಿ ನೆಲೆಸಿರಬೇಕು. 2000ದ ಕಾಯಿದೆಯಿಂದ ಇಂತಹ ನಿಲ್ದಾಣವೊಂದಕ್ಕೆ ವರ್ಷಕ್ಕೆ 1,50,000 ಡಾಲರುಗಳವರೆಗೆ ಹಕ್ಕಿನ ಹಣ ಸಲ್ಲುವ ಏರ್ಪಾಡಾಯಿತು. ಹತ್ತನೆಯ ವಿಮಾನವು ಇದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು, ಒಂದು ಗ್ರಾಮಪ್ರಾಂತದ ಓಡುಹಾದಿಯು ದುರಸ್ತಾಗುವುದೋ ಬಿರುಕುಬಿಟ್ಟು ಹುಲ್ಲು ಬೆಳೆಯುವುದೋ ಎಂಬ ಪ್ರಶ್ನೆಯಾಗಿಯೂ ಓದಬೇಕು. ಒಂಬತ್ತನ್ನು ಹತ್ತೆಂದು ಬರೆಯಲು ಆಸೆಯೂ ಉಂಟು, ಹತ್ತನ್ನು ಒಂಬತ್ತೆಂದು ಓದಿದರೆ ಅನ್ಯಾಯವೂ ಉಂಟು.

ನೆಲೆಸಿರುವ ವಿಮಾನವೆಂದರೇನು? ಇಲಾಖೆಯು ಕೊಟ್ಟಿರುವ ಲಕ್ಷಣವಾಕ್ಯದ ತಾತ್ಪರ್ಯವು ಹೀಗಿದೆ: ಅದು ಬಳಕೆಯಲ್ಲಿರಬೇಕು, ಹಾರಾಟಕ್ಕೆ ಅರ್ಹವಾಗಿರಬೇಕು, ವರ್ಷದ ಹೆಚ್ಚಿನ ಭಾಗವನ್ನು ವಾಡಿಕೆಯಾಗಿ ಆ ನಿಲ್ದಾಣದಲ್ಲಿಯೇ ಕಳೆಯಬೇಕು. ವಾಕ್ಯವು ಚಿಕ್ಕದಾದರೂ ಇದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ, ಮೂರಕ್ಕೂ ಬೇರೆ ಬೇರೆ ಸಾಕ್ಷ್ಯ ಬೇಕು. ಬಳಕೆಯೆಂಬುದು ನಡವಳಿಕೆ. ಅರ್ಹತೆಯೆಂಬುದು ತಜ್ಞನ ಪರೀಕ್ಷೆಯಿಂದ ತಿಳಿಯತಕ್ಕದ್ದು. ವಾಸವೆಂಬುದು ಕಾಲದ ಅಳತೆ. ಚಳಿಗಾಲದಲ್ಲಿ ಫ್ಲಾರಿಡಾಕ್ಕೋ ಅರಿಜೋನಾಕ್ಕೋ ಹೋಗಿ ಬೇಸಗೆಯಲ್ಲಿ ಉತ್ತರಕ್ಕೆ ಮರಳುವ ಒಡೆಯರು ಆ ದೇಶದಲ್ಲಿ ಹಲವರಿದ್ದಾರೆ. ಅವರೊಡನೆ ಅವರ ವಿಮಾನವೂ ಹೋಗಿ ಬರುತ್ತದೆ. ಅಂತಹದನ್ನು ಎರಡು ನಿಲ್ದಾಣಗಳವರೂ ತಮ್ಮದೆಂದು ಎಣಿಸಿದರೆ ಅದರಲ್ಲಿ ಕಪಟವೇ ಇರಬೇಕೆಂದಿಲ್ಲ. ಹೆಚ್ಚಿನ ಭಾಗವೆಂಬ ಮಾತು ಈ ಜಗಳವನ್ನು ತೀರಿಸುವುದಕ್ಕಾಗಿಯೇ ಸೇರಿತೆಂದು ತೋರುತ್ತದೆ. ವಾಡಿಕೆಯಾಗಿ ಎಂಬ ಇನ್ನೊಂದು ಮಾತು ಅದನ್ನು ಸ್ವಲ್ಪ ಸಡಿಲಿಸಿಬಿಟ್ಟಿದೆ.

ಹಿಂದೆ ಈ ಎಣಿಕೆಯು ನಿಲ್ದಾಣಾಧಿಕಾರಿಯ ಮಾತಿನ ಮೇಲೆ ನಿಂತಿತ್ತು. ಆತನು ಒಂದು ಮೊತ್ತವನ್ನು ಹೇಳುವನು, ಅದು ನಿಲ್ದಾಣದ ಮೂಲದಾಖಲೆಯಲ್ಲಿ ಸೇರುವುದು. ಮೊತ್ತವೆಂಬುದು ವಿಮರ್ಶೆಗೆ ಸಿಕ್ಕದ ವಸ್ತು. ನಲವತ್ತೆರಡು ಎಂದು ಬರೆದರೆ ಯಾವ ನಲವತ್ತೆರಡು ಎಂದು ಕೇಳುವುದು ಹೇಗೆ? ಈಚೆಗೆ ಏರ್ಪಟ್ಟಿರುವ ರಾಷ್ಟ್ರೀಯ ನೆಲೆವಿಮಾನಗಳ ತಃಖ್ತೆಯಲ್ಲಿ ಅಧಿಕಾರಿಯು ಮೊತ್ತವನ್ನು ಹೇಳಿದರೆ ಸಾಲದು. ಒಂದೊಂದು ವಿಮಾನದ ಬಾಲದ ಮೇಲಿರುವ, ಎನ್ ಅಕ್ಷರದಿಂದ ತೊಡಗುವ ನೋಂದಾವಣೆಯ ಅಂಕಿತವನ್ನು ಬಿಡಿಬಿಡಿಯಾಗಿ ಕೊಡಬೇಕು. ಆ ಅಂಕಿತಗಳನ್ನು ಒಕ್ಲಹೋಮ ನಗರದಲ್ಲಿರುವ ನೋಂದಾವಣೆಯ ಕಚೇರಿಯ ಪುಸ್ತಕದೊಡನೆ ಯಂತ್ರವು ತಾಳೆ ನೋಡುತ್ತದೆ. ಪುಸ್ತಕದಲ್ಲಿಲ್ಲದ ಅಂಕಿತ, ರದ್ದಾದ ಅಂಕಿತ, ಮತ್ತೊಂದು ನಿಲ್ದಾಣದವರೂ ತಮ್ಮದೆಂದು ಬರೆದಿರುವ ಅಂಕಿತ, ಇವು ಹೊರಬೀಳುತ್ತವೆ. ಎರಡು ಕಡೆಯವರು ಹಕ್ಕು ಹೇಳಿದ ವಿಮಾನವು ಇತ್ಯರ್ಥವಾಗುವವರೆಗೆ ಎಣಿಕೆಗೆ ಬಾರದು.

ಈ ಮಾರ್ಪಾಟಿನ ಮುಖ್ಯ ಗುಣವು ಪುಸ್ತಕದ ಪ್ರಾಮಾಣ್ಯದಲ್ಲಿಲ್ಲವೆಂಬುದನ್ನು ಗಮನಿಸಬೇಕು. ಅದು ಮೊತ್ತವನ್ನು ಒಡೆದು ಪಟ್ಟಿಯಾಗಿ ಮಾಡಿದುದರಲ್ಲಿದೆ. ಪಟ್ಟಿಯಾದ ಕೂಡಲೆ ಒಂದೊಂದು ಮಾತೂ ಸುಳ್ಳಾಗಬಲ್ಲ ಮಾತಾಯಿತು, ಎಂದರೆ ವಿಮರ್ಶೆಗೆ ಯೋಗ್ಯವಾಯಿತು. ಎರಡು ನಿಲ್ದಾಣಗಳ ಪಟ್ಟಿಗಳನ್ನು ಪರಸ್ಪರ ಹೋಲಿಸಿ ಪುನರುಕ್ತಿಯನ್ನು ಹಿಡಿಯಲು ನೋಂದಾವಣೆಯ ಪುಸ್ತಕವೇ ಬೇಕಾಗಿಲ್ಲ. ಈ ಪದ್ಧತಿಯನ್ನು ಹೊಗಳುವವರು ಪಟ್ಟಿಯ ಪುಣ್ಯವನ್ನು ಪುಸ್ತಕದ ಲೆಕ್ಕಕ್ಕೆ ಬರೆಯುತ್ತಾರೆ.

ಹಾಗಾದರೆ ಆ ಪುಸ್ತಕದಲ್ಲಿ ಏನಿದೆ? ವಿಮಾನದ ಅಂಕಿತ, ಕಟ್ಟಿದ ಕಾರ್ಖಾನೆ, ಮಾದರಿ, ಕಾರ್ಖಾನೆಯ ಕ್ರಮಸಂಖ್ಯೆ, ಯಂತ್ರದ ಜಾತಿ, ಒಡೆಯನ ಹೆಸರು, ಆತನ ಅಂಚೆಯ ವಿಳಾಸ, ಒಡೆತನದ ರೀತಿ, ಪ್ರಮಾಣಪತ್ರವನ್ನು ಕೊಟ್ಟ ದಿನ, ಅದು ಮುಗಿಯುವ ದಿನ. ನಿಲ್ದಾಣದ ಹೆಸರಿಗೆ ಅಲ್ಲಿ ಮನೆಯೇ ಇಲ್ಲ. ಅದಕ್ಕಿಂತ ಸ್ವಾರಸ್ಯವಾದ ಸಂಗತಿಯೊಂದಿದೆ. ನೋಂದಾವಣೆಯ ಪ್ರಮಾಣಪತ್ರವು ವಿಮಾನದ ರಾಷ್ಟ್ರೀಯತೆಗೆ ನಿರ್ಣಾಯಕ ಸಾಕ್ಷ್ಯವೆಂದೂ, ಒಡೆತನವೇ ವಿವಾದವಾಗಿರುವ ವ್ಯಾಜ್ಯದಲ್ಲಿ ಅದು ಒಡೆತನಕ್ಕೆ ಸಾಕ್ಷ್ಯವಲ್ಲವೆಂದೂ ಆ ದೇಶದ ಶಾಸನವೇ ಹೇಳುತ್ತದೆ. ಪುಸ್ತಕವನ್ನು ಹುಟ್ಟಿಸಿದ ಕಾಯಿದೆಯೇ ಅದರ ಸಾಕ್ಷ್ಯಕ್ಕೆ ಇಷ್ಟು ಕಿರಿದಾದ ಎಲ್ಲೆಯನ್ನು ಹಾಕಿರುವಾಗ, ಅದು ಎಂದೂ ಹೇಳದ ವಾಸದ ವಿಷಯದಲ್ಲಿ ಅದನ್ನು ಸಾಕ್ಷಿಯಾಗಿ ಕರೆಯುವುದು ಎಂತಹ ಸಾಹಸ! ವಿಮಾನವು ಯಾವ ದೇಶದ್ದೆಂಬ ಪ್ರಶ್ನೆಗೆ ಉತ್ತರ ಕೊಡಲು ಅದು ಹುಟ್ಟಿತು. 1944ರ ಷಿಕಾಗೋ ಒಪ್ಪಂದದಲ್ಲಿ ವಿಮಾನವು ತಾನು ನೋಂದಾಯಿಸಲ್ಪಟ್ಟ ರಾಜ್ಯದ ರಾಷ್ಟ್ರೀಯತೆಯನ್ನು ಪಡೆಯುವುದೆಂದೂ, ಏಕಕಾಲದಲ್ಲಿ ಎರಡು ರಾಜ್ಯಗಳಲ್ಲಿ ನೋಂದಾವಣೆ ಸಲ್ಲದೆಂದೂ 17, 18ನೆಯ ವಿಧಿಗಳು ಹೇಳುತ್ತವೆ. ಆ ಪ್ರಶ್ನೆಯ ಮಟ್ಟಿಗೆ ಪುಸ್ತಕವು ಪ್ರಬಲ ಪ್ರಮಾಣವೇ ಸರಿ.

ಒಡೆಯನ ವಿಳಾಸದಿಂದ ನೆಲೆಯನ್ನು ಊಹಿಸಬಹುದಲ್ಲವೇ ಎಂದು ಕೆಲವರು ಕೇಳಬಹುದು. ಊಹಿಸಬಹುದು, ಆದರೆ ಆ ಊಹೆ ಎಷ್ಟು ದುರ್ಬಲವೆಂಬುದಕ್ಕೆ ಟೆಕ್ಸಸ್ ಸಂಸ್ಥಾನದ ಆನಲಾಸ್ಕ ಎಂಬ ಸಣ್ಣ ಊರು ಪ್ರಸಿದ್ಧ ನಿದರ್ಶನವಾಗಿದೆ. ಆ ಊರಿನಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ಸಾವಿರಕ್ಕೂ ಹೆಚ್ಚು ವಿಮಾನಗಳು ಅಲ್ಲಿಯ ಅಂಚೆಪೆಟ್ಟಿಗೆಗಳ ವಿಳಾಸದಲ್ಲಿ ನೋಂದಾವಣೆಯಾಗಿರುವುದನ್ನು 2019ರಲ್ಲಿ ಡಲ್ಲಾಸಿನ ಟೆಲಿವಿಷನ್ ವರದಿಗಾರರು ಬಯಲಿಗೆ ತಂದರು. ಪರದೇಶದ ಒಡೆಯರು ನೇರವಾಗಿ ನೋಂದಾಯಿಸಿಕೊಳ್ಳಲಾಗದುದರಿಂದ ಧರ್ಮದರ್ಶಿಗಳ ಹೆಸರಿನಲ್ಲಿ ವಿಮಾನವನ್ನಿಡುವ ಏರ್ಪಾಡು ಅಲ್ಲಿಯ ಕಾನೂನಿಗೆ ಸಮ್ಮತವಾದುದೇ ಆಗಿದೆ. ಡೆಲವೇರ್ ಸಂಸ್ಥಾನದ ವಿಳಾಸಗಳಲ್ಲಿಯೂ ಇಂತಹ ವಿಮಾನಗಳು ಬಹಳ. ನಮ್ಮ ದೇಶದ ತಾಮ್ರಪಟವೊಂದರಲ್ಲಿ ಅಗ್ರಹಾರವನ್ನು ಪಡೆದವನ ಹೆಸರೂ ಗೋತ್ರವೂ ಬಂದಿದ್ದ ಮಾತ್ರಕ್ಕೆ ಆತನು ಅಲ್ಲಿಯೇ ವಾಸವಾಗಿದ್ದನೆಂದು ಹೇಳಲು ಬಾರದಷ್ಟೆ. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟರಿಗೂ ರೈಸರಿಗೂ ನಡೆದ ದೀರ್ಘವಾದ ವಾದವನ್ನು ವಾಚಕರು ಬಲ್ಲರು. ಅವುಗಳಲ್ಲಿ ಬಹಳವನ್ನು ಫ್ಲೀಟರು ಕೂಟವೆಂದು ತಳ್ಳಿದರು, ರೈಸರು ಎತ್ತಿಹಿಡಿದರು. ಪಟವು ನಿಜವೇ ಕೂಟವೇ ಎಂಬ ಚರ್ಚೆಗೆ ಎಷ್ಟು ಶ್ರಮವು ಸಂದಿತು! ನಿಜವಾದ ಪಟವು ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳುವುದಿಲ್ಲ ಎಂಬ ಇನ್ನೊಂದು ಚರ್ಚೆಗೆ ಅದರ ಕಾಲುಪಾಲೂ ಸಲ್ಲಲಿಲ್ಲವೆಂದು ನಮಗೆ ತೋರುತ್ತದೆ. ವಿಮಾನದ ಪುಸ್ತಕದಲ್ಲಿಯೂ ಕೂಟವುಂಟು. ಅರ್ಜಿದಾರರು ತಾವೇ ಬರೆದುಕೊಟ್ಟ ಪ್ರಮಾಣವಚನವನ್ನೇ ಬಹುಮಟ್ಟಿಗೆ ನಂಬುವ ಕಚೇರಿಯ ಕ್ರಮವನ್ನು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನೆಯ ಇಲಾಖೆಯು 2020ರ ವರದಿಯಲ್ಲಿ ಆಕ್ಷೇಪಿಸಿತು. ಆದರೆ ಒಂದೂ ಕೂಟವಿಲ್ಲದಿದ್ದರೂ ನಮ್ಮ ಆಕ್ಷೇಪಣೆ ಹಾಗೆಯೇ ನಿಲ್ಲುವುದು.

ಇಲ್ಲಿ ಚರಿತ್ರೆಯ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ವಿಮಾನದ ನೋಂದಾವಣೆಯ ಪುಸ್ತಕವು ಮೊದಲಿನಿಂದಲೂ ನೆಲೆಯ ವಿಷಯದಲ್ಲಿ ಮೂಕವಾಗಿರಲಿಲ್ಲ. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ 1919ರಲ್ಲಿ ಪ್ಯಾರಿಸಿನಲ್ಲಿ ಆದ ವಿಮಾನಸಂಚಾರದ ಒಪ್ಪಂದದ ಮೊದಲನೆಯ ಅನುಬಂಧವು, ಪುಸ್ತಕದಲ್ಲಿಯೂ ಪ್ರಮಾಣಪತ್ರದಲ್ಲಿಯೂ ವಿಮಾನದ ವರ್ಣನೆ, ಕಾರ್ಖಾನೆಯ ಸಂಖ್ಯೆ, ಅಂಕಿತಗಳು, ಒಡೆಯನ ಹೆಸರು, ರಾಷ್ಟ್ರೀಯತೆ, ನಿವಾಸ, ಇವುಗಳೊಡನೆ ವಿಮಾನದ ವಾಡಿಕೆಯ ನಿಲ್ದಾಣವೂ ಇರಬೇಕೆಂದು ವಿಧಿಸಿತ್ತು. ಎರಡು ಯುದ್ಧಗಳ ನಡುವಣ ಬ್ರಿಟಿಷ್ ನೋಂದಾವಣೆಯ ಹಾಳೆಗಳಲ್ಲಿ ಇದಕ್ಕಾಗಿ ಒಂದು ಅಂಕಣವೇ ಇದೆ. ಆ ಕಾಲದ ವಿಮಾನಗಳ ಚರಿತ್ರೆಯನ್ನು ಬರೆಯುವವರಿಗೆ ಅದು ದೊಡ್ಡ ನಿಧಿ. ಒಂದು ಯಂತ್ರವು ಕ್ರಾಯ್ಡನ್ನಿನಿಂದ ಬೇರೊಂದು ಬಯಲಿಗೆ ನೆಲೆಯನ್ನು ಬದಲಿಸಿದ್ದನ್ನು ಒಡೆಯನ ಮನೆಯ ವಿಳಾಸದಿಂದ ಪ್ರತ್ಯೇಕಿಸಿ ಓದಲು ಅದರಿಂದ ಸಾಧ್ಯವಾಗಿದೆ. ಪ್ಯಾರಿಸ್ ಒಪ್ಪಂದಕ್ಕೆ ಭಾರತವೂ ಪ್ರತ್ಯೇಕವಾಗಿ ಸಹಿ ಹಾಕಿತ್ತು. ಅಮೆರಿಕವು ಸಹಿ ಹಾಕಿದರೂ ಅದನ್ನು ಸ್ಥಿರೀಕರಿಸಲಿಲ್ಲ. 1944ರ ತರುವಾಯ ಷಿಕಾಗೋ ಒಪ್ಪಂದದ ಏಳನೆಯ ಅನುಬಂಧವು ಕೊಟ್ಟ ಪ್ರಮಾಣಪತ್ರದ ಮಾದರಿಯಲ್ಲಿ ಅಂಕಿತ, ಕಾರ್ಖಾನೆ, ಕ್ರಮಸಂಖ್ಯೆ, ಒಡೆಯನ ಹೆಸರು ವಿಳಾಸಗಳು ಉಳಿದುವು. ವಾಡಿಕೆಯ ನಿಲ್ದಾಣವು ಬಿಟ್ಟುಹೋಯಿತು. ಇಂದು ಅಮೆರಿಕದ ನಿಲ್ದಾಣಾಧಿಕಾರಿಗಳು ಶ್ರಮಪಟ್ಟು ಹುಡುಕುತ್ತಿರುವುದು 1919ರ ವಿಧಾನಕರ್ತರು ಒಂದು ಅಂಕಣದಲ್ಲಿ ಕೇಳಿದ್ದ ಮಾತನ್ನೇ. ಆ ಅಂಕಣವೂ ಒಡೆಯನೇ ಹೇಳಿದ ಮಾತನ್ನು ಹೊತ್ತಿತ್ತೆಂಬುದು ನಿಜ. ಆದರೂ ಅದು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವಾಗಿತ್ತು. ಕೇಳದ ಪ್ರಶ್ನೆಗೆ ಉತ್ತರವನ್ನು ಹಿಂಡಿ ತೆಗೆಯುವುದಕ್ಕೂ ಅದಕ್ಕೂ ಬಹಳ ಅಂತರ.

ಅಂಕಿತಗಳ ಮಾತು ಬಂದುದರಿಂದ ಪ್ರಾಸಂಗಿಕವಾಗಿ ಒಂದು ಮಾತು. ಭಾರತದ ವಿಮಾನಗಳ ಮೇಲಿರುವ ವಿ, ಟಿ ಎಂಬ ಅಕ್ಷರಗಳು ವೈಸರಾಯನ ಪ್ರಾಂತವೆಂಬುದರ ಸಂಕ್ಷೇಪವೆಂದು ವಿದ್ಯಾವಂತರೂ ಹೇಳುವುದನ್ನು ಕೇಳಿದ್ದೇವೆ. ಅವು 1927ರ ವಾಷಿಂಗ್‌ಟನ್ ಸಮ್ಮೇಳನದಲ್ಲಿ ನಿಸ್ತಂತು ಕರೆಗುರುತುಗಳನ್ನು ಹಂಚಿದಾಗ ಈ ದೇಶದ ಪಾಲಿಗೆ ಬಂದ ಅಕ್ಷರಸಮೂಹಕ್ಕೆ ಸೇರಿದುವು. ಅದಕ್ಕೆ ಮೊದಲು ಇಲ್ಲಿಯ ವಿಮಾನಗಳು ಜಿ ಅಕ್ಷರದ ಮುಂದೆ ಐ ಅಕ್ಷರವನ್ನು ಧರಿಸುತ್ತಿದ್ದುವು. ಆಸ್ಟ್ರೇಲಿಯದ ವಿಮಾನಗಳಿಗೆ ವಿ, ಎಚ್ ಎಂದಿದೆ, ಅಲ್ಲಿಯ ವೈಸರಾಯನಾರು? ಅಧಿಕೃತ ದಾಖಲೆಯು ಹೇಳದುದನ್ನು ಅದರ ಬಾಯಲ್ಲಿ ತುರುಕುವ ಚಪಲವು ನಿರುಕ್ತದಲ್ಲಿಯೂ ಲೆಕ್ಕದಲ್ಲಿಯೂ ಒಂದೇ.

ಮರಳಿ ಪ್ರಕೃತಕ್ಕೆ ಬರೋಣ. ಪುಸ್ತಕವು ಹೇಳುವ ಮಾತಿನಲ್ಲಿಯೂ ಕಾಲದ ದೋಷವಿದೆ. ವಿಮಾನವು ಬಿದ್ದು ಪುಡಿಯಾದರೂ, ಬಿಡಿಭಾಗಗಳಾಗಿ ಮಾರಿಹೋದರೂ, ಒಡೆಯನು ತಿಳಿಸುವವರೆಗೆ ಅಥವಾ ಅವಧಿ ಮುಗಿಯುವವರೆಗೆ ಅದು ಪುಸ್ತಕದಲ್ಲಿ ಜೀವಂತವಾಗಿರುತ್ತದೆ. ಹಿಂದೆ ಅವಧಿಯೇ ಇರಲಿಲ್ಲ. 2010ರಲ್ಲಿ ಸುಮಾರು 3,57,000 ವಿಮಾನಗಳು ನೋಂದಾವಣೆಯಲ್ಲಿದ್ದಾಗ ಅವುಗಳಲ್ಲಿ ಮೂರನೆಯ ಒಂದು ಪಾಲಿನ ದಾಖಲೆ ಸಂದೇಹಾಸ್ಪದವೆಂದು ಇಲಾಖೆಯೇ ಒಪ್ಪಿಕೊಳ್ಳಬೇಕಾಯಿತು. ಆ ವರ್ಷದ ಅಕ್ಟೋಬರ್ 1ರಿಂದ ಎಲ್ಲ ವಿಮಾನಗಳೂ ಹೊಸದಾಗಿ ನೋಂದಾವಣೆಯಾಗಬೇಕೆಂದೂ, ಮೂರು ವರ್ಷಗಳಿಗೊಮ್ಮೆ ಅದನ್ನು ನವೀಕರಿಸಬೇಕೆಂದೂ ನಿಯಮ ಹೊರಟಿತು. ಈ ಶುದ್ಧಿಯಿಂದಲೇ ತಾಳೆ ನೋಡುವ ಪದ್ಧತಿಗೆ ಸ್ವಲ್ಪ ಬಲ ಬಂದಿತು. ಆದರೆ 2018ರ ಕಾಯಿದೆಯ ಮೇರೆಗೆ 2023ರ ಜನವರಿಯಲ್ಲಿ ಅವಧಿಯನ್ನು ಏಳು ವರ್ಷಗಳಿಗೆ ಬೆಳೆಸಿದರು. ಒಡೆಯರಿಗೂ ಕಚೇರಿಗೂ ಇದರಿಂದ ತೊಂದರೆ ತಪ್ಪಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೆಲೆವಿಮಾನಗಳನ್ನು ಎಣಿಸುವವರು ಇದನ್ನು ಗಮನಿಸಿದಂತೆ ಕಾಣುವುದಿಲ್ಲ: ಮೂರು ವರ್ಷಗಳಲ್ಲಿ ಬಯಲಾಗಬಹುದಾಗಿದ್ದ ಮೃತವಿಮಾನವು ಈಗ ಏಳು ವರ್ಷ ಜೀವಿಸಬಹುದು. ಪುಸ್ತಕದಲ್ಲಿ ಸಲ್ಲುತ್ತದೆ ಎಂಬ ಮಾತಿನ ತೂಕವು ಆ ದಿನದಿಂದ ಕಡಮೆಯಾಯಿತು. ಅದರ ಮೇಲೆ ನಿಂತ ಎಣಿಕೆಯ ತೂಕವೂ ಅಷ್ಟೇ ಕಡಮೆಯಾಗಬೇಕು.

ಅಂಕಿತವೂ ವಿಮಾನದ ಸ್ಥಿರವಾದ ಹೆಸರಲ್ಲ. ರದ್ದಾದ ಅಂಕಿತವನ್ನು ಇನ್ನೊಂದಕ್ಕೆ ಕೊಡುವುದುಂಟು, ಒಂದೇ ವಿಮಾನವು ಅಂಕಿತವನ್ನು ಬದಲಿಸುವುದೂ ಉಂಟು. ಆದುದರಿಂದ ಹಳೆಯ ಪಟ್ಟಿಯನ್ನು ಇಂದಿನ ಪುಸ್ತಕದೊಡನೆ ಹೋಲಿಸಿದರೆ ಒಂದೇ ಹೆಸರಿನ ಇಬ್ಬರು ಕವಿಗಳನ್ನು ಒಬ್ಬನೆಂದು ಮಾಡಿದಂತೆ ಆದೀತು. ಕಾರ್ಖಾನೆಯ ಕ್ರಮಸಂಖ್ಯೆಯನ್ನು ಮಾದರಿಯೊಡನೆ ಸೇರಿಸಿ ಓದಿದರೆ ಮಾತ್ರ ವ್ಯಕ್ತಿನಿರ್ಣಯ ಸಾಧ್ಯ. ಇನ್ನು ಪುಸ್ತಕಕ್ಕೆ ಕಾಣದ ವಿಮಾನಗಳೂ ಇವೆ. ಅಮೆರಿಕದಲ್ಲಿ ಅತಿಹಗುರವಾದ ಒಂಟಿಯಾಳಿನ ಯಂತ್ರಗಳಿಗೆ ನೋಂದಾವಣೆಯೇ ಬೇಡ. ಸೇನೆಯ ವಿಮಾನಗಳು ನಾಗರಿಕ ಪುಸ್ತಕದಲ್ಲಿರುವುದಿಲ್ಲ. ನಿಲ್ದಾಣದ ಮೂಲದಾಖಲೆಯಲ್ಲಿ ಮಾತ್ರ ಈ ಎರಡಕ್ಕೂ ಸ್ಥಾನವುಂಟು. ಒಂದೇ ಪುಟದಲ್ಲಿ ತಾಳೆ ನೋಡಿದ ಸಂಖ್ಯೆಯೂ ನೋಡಲಾಗದ ಸಂಖ್ಯೆಯೂ ಒಂದೇ ಅಚ್ಚಿನಲ್ಲಿ ನಿಂತಿರುವಾಗ ಓದುಗನು ಎರಡಕ್ಕೂ ಒಂದೇ ಗೌರವವನ್ನು ಕೊಡುತ್ತಾನೆ.

ಈಗ ವಿಮಾನಗಳೇ ತಮ್ಮ ಸ್ಥಾನವನ್ನು ನಿಸ್ತಂತುವಿನಿಂದ ಸಾರುತ್ತವೆ, 2020ರ ಜನವರಿಯಿಂದ ಅಮೆರಿಕದ ನಿಯಂತ್ರಿತ ಆಕಾಶದ ಬಹುಭಾಗದಲ್ಲಿ ಇದು ಕಡ್ಡಾಯವೂ ಆಗಿದೆ, ಅದನ್ನು ಕೇಳಿ ನೆಲೆಯನ್ನು ತಿಳಿಯಬಾರದೇಕೆ ಎಂಬುದು ಇನ್ನೊಂದು ಪೂರ್ವಪಕ್ಷ. ಇದರಲ್ಲಿ ಸತ್ವವಿದೆ. ಆ ಸಂಕೇತದಲ್ಲಿರುವ ಗುರುತುಸಂಖ್ಯೆಯು ನೋಂದಾವಣೆಯ ಪುಸ್ತಕದಲ್ಲಿಯೂ ಇರುವುದರಿಂದ, ಹಾರಿದ ವಿಮಾನ ಯಾವುದೆಂಬುದು ತಿಳಿಯುತ್ತದೆ. ದಿನದಿನವೂ ಎಲ್ಲಿಂದ ಎದ್ದು ಎಲ್ಲಿ ಇಳಿಯಿತೆಂಬುದೂ ತಿಳಿಯುತ್ತದೆ. ಪುಸ್ತಕಕ್ಕೆ ಇದು ತಕ್ಕ ಬಳಕೆ: ವ್ಯಕ್ತಿಯನ್ನು ಗುರುತಿಸಲು ಅದು, ನಡವಳಿಕೆಯನ್ನು ತಿಳಿಯಲು ಬೇರೊಂದು. ಆದರೆ ದೂರದ ಹೊಲಗಳ ನಡುವೆ ಅಂತಹ ಆಕಾಶವನ್ನು ಮುಟ್ಟದೆ ಹಾರುವ ಹಳೆಯ ಯಂತ್ರಕ್ಕೆ ಆ ಉಪಕರಣವು ಬೇಕಾಗಿಯೇ ಇಲ್ಲ. ಹತ್ತನೆಯ ವಿಮಾನದ ಪ್ರಶ್ನೆ ಏಳುವುದು ಇಂತಹ ನಿಲ್ದಾಣಗಳಲ್ಲಿಯೇ. ಕೇಳಿಬಾರದ್ದು ಇಲ್ಲವೆಂದು ತೀರ್ಮಾನಿಸಿದರೆ ಅನುಪಲಬ್ಧಿಯನ್ನು ಅದು ಸಲ್ಲದ ಕಡೆಯಲ್ಲಿ ಪ್ರಯೋಗಿಸಿದಂತಾಗುವುದು.

ಆದುದರಿಂದ ನೋಂದಾವಣೆಯ ಪುಸ್ತಕವನ್ನು ನಿರಾಕರಣೆಗೆ ಮಾತ್ರ ಪ್ರಮಾಣವಾಗಿ ಇಟ್ಟುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಪುಸ್ತಕದಲ್ಲಿಲ್ಲದ ಅಂಕಿತವನ್ನು ಎಣಿಸಬಾರದೆಂದು ಅದು ಹೇಳಬಲ್ಲುದು. ಪುಸ್ತಕದಲ್ಲಿರುವ ಅಂಕಿತವು ಈ ಬಯಲಿನದೆಂದು ಹೇಳಲಾರದು. ಈ ಎರಡನೆಯ ಮಾತಿಗೆ ಪ್ರತ್ಯಕ್ಷವೇ ಬೇಕು: ಹ್ಯಾಂಗರುಗಳ ಬಾಗಿಲನ್ನು ತೆರೆಸಿ ನೋಡಿದ ಕಣ್ಣು, ಬಾಡಿಗೆಯ ಕರಾರು, ಎಣ್ಣೆಯ ಲೆಕ್ಕ. ತಾಳೆಯಾಯಿತೆಂಬ ಒಂದೇ ಮುದ್ರೆಯ ಬದಲಾಗಿ, ಪ್ರತಿಯೊಂದು ಅಂಕಿತದ ಮುಂದೆ ಯಾರು ಕಂಡರು, ಯಾವ ದಿನ ಕಂಡರು, ವಾಸವನ್ನು ಯಾವುದರಿಂದ ತಿಳಿದರು ಎಂಬ ಮೂರು ಮಾತುಗಳನ್ನು ಬರೆದರೆ ಆ ಪಟ್ಟಿಯು ಪರಿಷ್ಕೃತ ಪಾಠವೆನಿಸಿಕೊಳ್ಳಲು ಅರ್ಹವಾಗುವುದು. ಪ್ರತಿಯ ವಿವರವನ್ನು ಕೊಡದೆ ಪಾಠವನ್ನು ಮಾತ್ರ ಅಚ್ಚುಹಾಕಿಸಿದ ಸಂಪಾದಕನನ್ನು ನಾವು ಒಪ್ಪುವುದಿಲ್ಲವಷ್ಟೆ.

ಈ ವಿಚಾರಕ್ಕೆ ಈಚೆಗೆ ಒಂದು ಹೊಸ ಸಂಗತಿಯೂ ಸೇರಿದೆ. 2024ರ ಕಾಯಿದೆಯ ಆಧಾರದ ಮೇಲೆ ಖಾಸಗಿ ಒಡೆಯರು ತಮ್ಮ ಹೆಸರು ವಿಳಾಸಗಳನ್ನು ಸಾರ್ವಜನಿಕರಿಗೆ ತೋರಿಸಬಾರದೆಂದು ಕೇಳಿಕೊಳ್ಳಲು 2025ರ ಮಾರ್ಚಿಯಿಂದ ಅವಕಾಶವಾಗಿದೆ. ಪುಸ್ತಕವು ಇದರಿಂದ ಕುರುಡಾಯಿತೆಂದು ಹಲವರು ಕೊರಗುತ್ತಾರೆ. ವಿಳಾಸದಿಂದ ನೆಲೆಯನ್ನು ಊಹಿಸುತ್ತಿದ್ದವರಿಗೆ ಇದು ನಷ್ಟವೇ. ಆದರೆ ಅವರಿಗೆ ಕೈತಪ್ಪಿದುದು ಮೊದಲಿನಿಂದಲೂ ಸಲ್ಲದ ಸಾಕ್ಷ್ಯ. ಅಂಕಿತವೂ ಕಾರ್ಖಾನೆಯ ಕ್ರಮಸಂಖ್ಯೆಯೂ ಅವಧಿ ಮುಗಿಯುವ ದಿನವೂ ಅಲ್ಲಿ ಉಳಿದಿವೆ. ಹ್ಯಾಂಗರಿನಲ್ಲಿ ಕಂಡ ಯಂತ್ರವು ಪುಸ್ತಕದ ಯಂತ್ರವೇ ಹೌದೋ ಎಂದು ನೋಡಲು ಅಷ್ಟು ಸಾಕು.